ಬಾಯಿಗೆ ಬೀಗ, ಕಿವಿಗಲ್ಲ

ಹಿಂದೆ ಊರಿಗೊಂದು ಅರಳಿಕಟ್ಟೆ ಇತ್ತು, ಈಗ ಊರಿಗೊಂದು ವಾಟ್ಸಾಪ್ ಗ್ರೂಪ್ ಇದೆ. ನಮ್ಮ ಸೀತೂರಿನ ಕಡೆಯವರಿಗೆ ಅದು ಬರೀ ಹರಟೆಗೆ ಬೇಕಾದ ವಸ್ತುವಲ್ಲ. ಇಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಸಾಲಾಗಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ತೋಟ ಇಳಿಯಬೇಕು, ಸಂಕ ದಾಟಬೇಕು, ಮತ್ತೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಲೈನ್‌ಮ್ಯಾನ್ ಎಲ್ಲಿದ್ದಾರೆ, ಕೊಪ್ಪದ ಕಡೆಯ ಬಸ್ಸು ಬಂತೋ ಇಲ್ಲವೋ, ಅಡಿಕೆಗೆ ಔಷಧಿ ಹೊಡೆಯುವವರು ಇವತ್ತು ಯಾರ ತೋಟದಲ್ಲಿದ್ದಾರೆ, ಇದೆಲ್ಲ ಗೊತ್ತಾಗುವುದು ಆ ಗ್ರೂಪಿನಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ ಕಾಡಾನೆಯ ಸುದ್ದಿ. ನಮ್ಮ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕಾಡಾನೆಯಿಂದ ಜನ ಪ್ರಾಣ ಕಳೆದುಕೊಂಡದ್ದೂ ಇದೆ. ಸಂಜೆಯ ಹೊತ್ತು ‘ಆನೆ ಇಂಥಲ್ಲಿದೆ’ ಎಂಬ ಒಂದು ಸಾಲು ಬಂದರೆ ಅದು ಒಂದು ಮನೆಯ ದೀಪ ಉಳಿಸಬಹುದು.

ನಮ್ಮ ಗ್ರೂಪಿನಲ್ಲಿ ಸುಮಾರು ನೂರೆಂಬತ್ತು ಜನ. ಅಡ್ಮಿನ್‌ಗಳು ಮೂವರು: ಅಂಗಡಿಯವರು, ಒಬ್ಬ ನಿವೃತ್ತ ಮೇಷ್ಟ್ರು, ಇವರಿಬ್ಬರಿಗೂ ಫೋನಿನ ಒಳಗುಟ್ಟು ಅಷ್ಟಾಗಿ ಗೊತ್ತಿಲ್ಲವೆಂದು ಪಿಯುಸಿ ಓದುವ ನನ್ನ ಮೊಮ್ಮಗಳು.

ಮೊದಲ ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಐದಕ್ಕೆ ಹೂವಿನ ಚಿತ್ರದ ಶುಭೋದಯ. ಆರಕ್ಕೆ ದೇವರ ಚಿತ್ರ. ಏಳಕ್ಕೆ ಕಷಾಯ ಕುಡಿದರೆ ಎಲ್ಲ ಕಾಯಿಲೆಯೂ ಮಾಯ ಎಂಬ ವಿಡಿಯೊ. ಹಿರಿಯರೊಬ್ಬರು ದಿನಕ್ಕೆ ನಲವತ್ತು ಕಳಿಸುತ್ತಿದ್ದರು. ಅವರ ಹೆಸರು ಬೇಡ, ಊರಿನ ಮಕ್ಕಳೆಲ್ಲ ಕರೆಯುವಂತೆ ಅಜ್ಜಯ್ಯ ಎನ್ನೋಣ. ಸಂಜೆಯಾದರೆ ಇಬ್ಬರು ಹುಡುಗರು ಕ್ರಿಕೆಟ್ ವಿಷಯಕ್ಕೆ ಜಗಳ ತೆಗೆಯುತ್ತಿದ್ದರು. ಕ್ರಿಕೆಟ್‌ನಿಂದ ಶುರುವಾದದ್ದು ಚುನಾವಣೆಗೆ ಹೋಗಿ, ಅಲ್ಲಿಂದ ಒಬ್ಬರ ಮನೆಯ ಬೇಲಿಯ ವಿಷಯಕ್ಕೆ ಬಂದು ನಿಲ್ಲುತ್ತಿತ್ತು.

ಆಗ ಉಳಿದವರು ಏನು ಮಾಡಿದರು? ಯಾರೂ ಏನೂ ಹೇಳಲಿಲ್ಲ. ಒಬ್ಬೊಬ್ಬರೇ ತಮ್ಮ ಫೋನಿನಲ್ಲಿ ಗ್ರೂಪನ್ನು ಮ್ಯೂಟ್ ಮಾಡಿಕೊಂಡರು.

ಈ ‘ಮ್ಯೂಟ್’ ಎಂಬ ಮಾತಿನ ವಿಷಯದಲ್ಲಿ ನನ್ನ ವಯಸ್ಸಿನವರಿಗೆ ಗೊಂದಲವಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದರಲ್ಲಿ ಎರಡು ಬಗೆ. ಮೊದಲನೆಯದು, ನಾವೇ ನಮ್ಮ ಫೋನಿನಲ್ಲಿ ಗ್ರೂಪಿನ ಸದ್ದು ನಿಲ್ಲಿಸಿಕೊಳ್ಳುವುದು. ವಾಟ್ಸಾಪಿನಲ್ಲಿ ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಆಯ್ಕೆಗಳಿವೆ. ಸಂದೇಶ ಬರುತ್ತಲೇ ಇರುತ್ತದೆ, ಆದರೆ ಫೋನು ಕೂಗುವುದಿಲ್ಲ. ಎರಡನೆಯದು, ಗ್ರೂಪ್ ನೋಡಿಕೊಳ್ಳುವವರು ಒಬ್ಬ ಸದಸ್ಯರಿಗೆ ಸ್ವಲ್ಪ ಕಾಲ ಬರೆಯಲು ಬಾರದ ಹಾಗೆ ಮಾಡುವುದು. ಮೊದಲನೆಯದರಲ್ಲಿ ಮುಚ್ಚುವುದು ನಮ್ಮ ಕಿವಿ. ಎರಡನೆಯದರಲ್ಲಿ ಮುಚ್ಚುವುದು ಅವರ ಬಾಯಿ.

ಎರಡನೆಯದನ್ನು ಮಾಡಲು ಸಂಕೋಚಪಟ್ಟರೆ ಮೊದಲನೆಯದು ತಾನಾಗಿಯೇ ನಡೆದುಬಿಡುತ್ತದೆ. ಮೂವರ ಬಾಯಿ ಮುಚ್ಚಿಸಲು ದಾಕ್ಷಿಣ್ಯ ಅಡ್ಡ ಬಂದದ್ದಕ್ಕೆ ನಮ್ಮೂರಿನಲ್ಲಿ ನೂರು ಜನ ಕಿವಿ ಮುಚ್ಚಿಕೊಂಡಿದ್ದರು. ಅದು ಎಂಥ ಅಪಾಯ ಎಂಬುದು ಗೊತ್ತಾದದ್ದು ಒಂದು ನವೆಂಬರ್ ಸಂಜೆ.

ಐದೂವರೆ ದಾಟಿತ್ತು. ‘ಹಳ್ಳದ ತಿರುವಿನಲ್ಲಿ ಆನೆ ಇದೆ, ಯಾರೂ ರಸ್ತೆಗೆ ಬರಬೇಡಿ’ ಎಂದು ತೋಟದಿಂದ ಒಬ್ಬರು ಬರೆದರು. ಅದರ ಹಿಂದೆಯೇ ಹುಡುಗರ ಕ್ರಿಕೆಟ್ ಜಗಳ ಶುರುವಾಯಿತು. ಅರ್ಧ ಗಂಟೆಯಲ್ಲಿ ಅರುವತ್ತಕ್ಕಿಂತ ಹೆಚ್ಚು ಸಂದೇಶ. ಆನೆಯ ಸುದ್ದಿ ಎಲ್ಲೋ ಮೇಲೆ ಹೋಗಿ ಕುಳಿತಿತು. ಮಗಳನ್ನು ಸಂಜೆಯ ಬಸ್ಸಿನಿಂದ ಕರೆತರಲು ಒಬ್ಬ ತಾಯಿ ಅದೇ ರಸ್ತೆಯಲ್ಲಿ ಟಾರ್ಚ್ ಹಿಡಿದು ಹೊರಟಿದ್ದರು. ಅವರು ಗ್ರೂಪನ್ನು ಮ್ಯೂಟ್ ಮಾಡಿ ಆಗಲೇ ತಿಂಗಳಾಗಿತ್ತು. ಎದುರಿಗೆ ಬಂದ ಜೀಪಿನವರು ನಿಲ್ಲಿಸಿ, ‘ಅಮ್ಮಾ, ಮುಂದೆ ಹೋಗ್ಬೇಡಿ, ಆನೆ ನಿಂತಿದೆ’ ಎಂದು ಹತ್ತಿಸಿಕೊಂಡು ವಾಪಸ್ ಬಂದರು. ಮಗುವನ್ನು ಬಸ್ಸಿನವರು ಮುಂದಿನ ನಿಲ್ದಾಣದ ಅಂಗಡಿಯಲ್ಲಿ ಕೂರಿಸಿದರು. ಅವತ್ತು ಯಾರಿಗೂ ಏನೂ ಆಗಲಿಲ್ಲ.

ಮರುದಿನ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದರು. ಕಾಫಿ ಕೊಟ್ಟು ನಾನೂ ಅಲ್ಲೇ ಕುಳಿತೆ. ‘ಆ ಮೂವರನ್ನೂ ಗ್ರೂಪಿನಿಂದ ತೆಗೆದುಹಾಕಿ, ಪೀಡೆ ಹೋಯ್ತು’ ಎಂದು ಒಬ್ಬರು ಸಿಟ್ಟಿನಿಂದ ಹೇಳಿದರು. ಹೆಚ್ಚಿನವರು ತಲೆಯಾಡಿಸಿದರು. ಆಗ ನನ್ನ ಮೊಮ್ಮಗಳು ಕೇಳಿದಳು: ‘ತೆಗೆದುಹಾಕಿದ್ರೆ ಆನೆ ಬಂದಾಗ ಅಜ್ಜಯ್ಯನಿಗೆ ಹೇಳೋರ್ಯಾರು?’

ಜಗಲಿ ಒಂದು ನಿಮಿಷ ತಣ್ಣಗಾಯಿತು. ಅಜ್ಜಯ್ಯನ ಮನೆ ಇರುವುದು ಕಾಡಿನ ಅಂಚಿನಲ್ಲಿ.

ಅವಳ ಮಾತು ಸರಿಯಾಗಿತ್ತು. ಗ್ರೂಪಿನಿಂದ ಹೊರಹಾಕಿದರೆ ಬಾಯಿಯ ಜೊತೆಗೆ ಕಿವಿಯೂ ಹೋಗುತ್ತದೆ. ನಮಗೆ ಬೇಕಾಗಿದ್ದುದು ಅವರು ಓದಬಹುದು, ಆದರೆ ಸ್ವಲ್ಪ ದಿನ ಬರೆಯಬಾರದು ಎಂಬಂಥ ಏರ್ಪಾಟು. ವಾಟ್ಸಾಪಿನಲ್ಲಿ ಹುಡುಕಿದೆವು. ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು’ ಎಂಬ ಆಯ್ಕೆ ಸಿಕ್ಕಿತು. ಅದು 2018ರಲ್ಲಿ ಬಂದದ್ದಂತೆ. ಆದರೆ ಅದನ್ನು ಒತ್ತಿದರೆ ಎಲ್ಲರ ಬಾಯಿಯೂ ಮುಚ್ಚುತ್ತದೆ, ಆನೆಯನ್ನು ಕಣ್ಣಾರೆ ಕಂಡವರ ಬಾಯಿಯೂ ಸೇರಿ. ಒಬ್ಬರನ್ನು ಮಾತ್ರ ಸುಮ್ಮನಿರಿಸುವ ಗುಂಡಿ ನಮಗೆ ಅಲ್ಲಿ ಸಿಗಲಿಲ್ಲ.

ಬೇರೆ ಕಡೆ ಇದೆ ಎಂದಳು ಮೊಮ್ಮಗಳು. ಟೆಲಿಗ್ರಾಮಿನಲ್ಲಿ ಅಡ್ಮಿನ್ ಒಬ್ಬ ಸದಸ್ಯರಿಗೆ ಒಂದು ದಿನ, ಒಂದು ವಾರ ಎಂದು ಲೆಕ್ಕ ಹಾಕಿ ಬರೆಯುವುದನ್ನು ನಿಲ್ಲಿಸಬಹುದು, ಅವಧಿ ಮುಗಿದ ಕೂಡಲೇ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. 2019ರಿಂದ ಅಲ್ಲಿ ‘ನಿಧಾನ’ದ ಏರ್ಪಾಟೂ ಇದೆ: ಒಬ್ಬರು ಒಮ್ಮೆ ಬರೆದ ಮೇಲೆ ಅಡ್ಮಿನ್ ಇಟ್ಟಷ್ಟು ಹೊತ್ತು, ಹೆಚ್ಚೆಂದರೆ ಒಂದು ಗಂಟೆಯವರೆಗೆ, ಕಾಯಬೇಕು. ಆನ್‌ಲೈನ್ ಆಟ ಆಡುವ ಮಕ್ಕಳಿಗೆ ಡಿಸ್ಕಾರ್ಡ್ ಗೊತ್ತಿರುತ್ತದೆ. ಅಲ್ಲಿ 2021ರ ಕೊನೆಯಲ್ಲಿ ಬಂದ ‘ಟೈಮ್‌ಔಟ್’ ಒಂದು ನಿಮಿಷದಿಂದ ಒಂದು ವಾರದವರೆಗೆ ಇರುತ್ತದೆ. ಈ ತೊಂದರೆ ಹೊಸದೂ ಅಲ್ಲ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕರಿನೆನ್ ಎಂಬುವರು ಐಆರ್‌ಸಿ ಎಂಬ ಹರಟೆ ವ್ಯವಸ್ಥೆ ಮಾಡಿದರು. ಅದರಲ್ಲೂ ಗಲಾಟೆ ಹೆಚ್ಚಾಗಿ, ಮುಂದೆ ‘ಮಾತಿನ ಅನುಮತಿ ಇದ್ದವರು ಮಾತ್ರ ಬರೆಯಬಹುದು, ಉಳಿದವರು ಓದಬಹುದು’ ಎಂಬ ಪದ್ಧತಿ ಬಂತು. ಕಂಪ್ಯೂಟರಿನಲ್ಲಿ ನಾಲ್ಕು ಜನ ಹರಟೆ ಹೊಡೆಯಲು ಕಲಿತ ಕಾಲದಿಂದಲೂ ಒಬ್ಬರಿಗೆ ‘ಸ್ವಲ್ಪ ಸುಮ್ಮನಿರಪ್ಪಾ’ ಎನ್ನಬೇಕಾಗಿ ಬಂದಿದೆ ಎಂದಾಯಿತು.

ಆದರೆ ನಮ್ಮೂರಿನ ಅಜ್ಜ ಅಜ್ಜಿಯರು ವಾಟ್ಸಾಪ್ ಕಲಿತದ್ದೇ ಕಷ್ಟದಲ್ಲಿ. ಹೊಸದೊಂದನ್ನು ಕಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಫೋನಿನಲ್ಲಿ ಇಲ್ಲದ ಗುಂಡಿಯನ್ನು ನಾವೇ ಮಾತಿನಲ್ಲಿ ಮಾಡಿಕೊಳ್ಳಬೇಕಾಯಿತು.

ಅಜ್ಜಯ್ಯನಿಗೆ ಹೇಳುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಎಂಬತ್ತರ ಹತ್ತಿರದವರಿಗೆ ಹದಿನೇಳರ ಹುಡುಗಿ ಸುಮ್ಮನಿರಿ ಎನ್ನುವುದು ಹೇಗೆ? ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು: ‘ಗ್ರೂಪಿನಲ್ಲಿ ಬರೀಬೇಡ. ಫೋನ್ ಮಾಡು. ಕಾರಣ ಹೇಳು. ಎಷ್ಟು ದಿನ ಅಂತ ಹೇಳು.’ ಅವಳು ನನ್ನ ಪಕ್ಕದಲ್ಲೇ ಕುಳಿತು ಫೋನ್ ಮಾಡಿದಳು.

‘ಅಜ್ಜಯ್ಯಾ, ಆನೆ ಸುದ್ದಿ ಬಂದಿದ್ದು ಯಾರಿಗೂ ಕಾಣಿಸ್ಲಿಲ್ಲ. ಸಂದೇಶ ಜಾಸ್ತಿ ಆಗಿ ಎಲ್ರೂ ಗ್ರೂಪ್ ನೋಡೋದನ್ನೇ ಬಿಟ್ಟಿದ್ದಾರೆ. ಗುರುವಾರದವರೆಗೆ ಮೂರು ದಿನ ನೀವು ಏನೂ ಹಾಕ್ಬೇಡಿ. ಓದ್ತಾ ಇರಿ. ಗುರುವಾರ ಮತ್ತೆ ಹಾಕಿ, ಆದ್ರೆ ದಿನಕ್ಕೆ ಒಂದು.’

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, ‘ಏಕಾದಶಿಗೆ ಹೊಟ್ಟೆಗೆ ಉಪವಾಸ. ಇದು ಬೆರಳಿಗೆ ಉಪವಾಸ ಅನ್ನು’ ಎಂದು ನಕ್ಕರು. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದರು: ‘ನಾನು ಬೆಳಿಗ್ಗೆ ಹೂವಿನ ಚಿತ್ರ ಹಾಕೋದು ಚಂದಕ್ಕಲ್ಲ ಮಗಾ. ಎದ್ದಿದ್ದೀನಿ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ.’

ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಆ ದೊಡ್ಡ ಮನೆಯಲ್ಲಿ ಅವರೊಬ್ಬರೇ. ನಾವು ಕಿರಿಕಿರಿ ಎಂದುಕೊಂಡಿದ್ದ ಶುಭೋದಯಕ್ಕೆ ಅಂಥದೊಂದು ಅರ್ಥವಿತ್ತು. ಹಾಗೆಂದು ಅವರು ನಲವತ್ತು ಕಳಿಸಿದ್ದು ಸರಿ ಎಂದಾಗಲಿಲ್ಲ. ಆದರೆ ಯಾರನ್ನಾದರೂ ಸುಮ್ಮನಿರಿಸುವ ಮೊದಲು ಅವರು ಏಕೆ ಮಾತಾಡುತ್ತಿದ್ದರು ಎಂದು ಕೇಳಬೇಕು ಎನ್ನುವುದು ನನಗೆ ಅವತ್ತು ಮನದಟ್ಟಾಯಿತು. ಆ ಮೂರು ದಿನ ಬೆಳಿಗ್ಗೆ ಅವರು ಹೂವಿನ ಚಿತ್ರವನ್ನು ಮೊಮ್ಮಗಳಿಗೊಬ್ಬಳಿಗೇ ಕಳಿಸಿದರು. ಅವಳು ಕಾಲೇಜಿಗೆ ಹೊರಡುವ ಮೊದಲು ಉತ್ತರ ಬರೆದಳು. ಗುರುವಾರ ಗ್ರೂಪಿನಲ್ಲಿ ‘ಬಂದೆ’ ಎಂದು ಒಂದೇ ಪದ ಹಾಕಿದರು. ಹದಿನಾಲ್ಕು ಜನ ‘ಬನ್ನಿ’ ಎಂದರು.

ಹುಡುಗರ ವಿಷಯ ಇಷ್ಟು ಸಲೀಸಾಗಲಿಲ್ಲ. ಫೋನ್ ಮಾಡಿದರೆ ‘ಅವನು ಮೊದಲು ನಿಲ್ಲಿಸಲಿ’ ಎಂದು ಇಬ್ಬರದೂ ಒಂದೇ ಮಾತು. ಅದರಲ್ಲಿ ಒಬ್ಬ ಅಂಗಡಿಯವರ ತಮ್ಮನ ಮಗ. ‘ನಮ್ಮ ಹುಡುಗನನ್ನ ಬಿಟ್ಟು ಇನ್ನೊಬ್ಬನನ್ನ ತೆಗೆದ್ರೆ ನಾಳೆಯಿಂದ ಈ ಗ್ರೂಪಿಗೆ ಬೆಲೆ ಇರಲ್ಲ’ ಎಂದು ಅಂಗಡಿಯವರೇ ಹೇಳಿ, ಇಬ್ಬರನ್ನೂ ಒಂದೇ ಗಳಿಗೆಯಲ್ಲಿ ಎರಡು ದಿನದ ಮಟ್ಟಿಗೆ ಹೊರಗಿಟ್ಟರು. ‘ಶನಿವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರನ್ನೂ ಸೇರಿಸುತ್ತೇವೆ’ ಎಂದು ಗ್ರೂಪಿನಲ್ಲೇ ಬರೆದರು. ಆ ಎರಡು ದಿನ ಆನೆಯ ಸುದ್ದಿ, ಕರೆಂಟಿನ ಸುದ್ದಿ ಏನೇ ಬಂದರೂ ಇಬ್ಬರ ಮನೆಗೂ ಫೋನ್ ಮಾಡಿ ತಿಳಿಸುವುದು ಮೇಷ್ಟ್ರ ಜವಾಬ್ದಾರಿ. ಒಂದು ಸಂಜೆ ಫೋನ್ ಮಾಡಬೇಕಾಗಿಯೂ ಬಂತು. ‘ಗ್ರೂಪಿನಿಂದ ಓಡಿಸಿದವರು ಫೋನ್ ಯಾಕೆ ಮಾಡ್ತೀರಿ?’ ಎಂದು ಒಬ್ಬ ಕೇಳಿದನಂತೆ. ‘ಓಡಿಸಿಲ್ಲ, ಕೂರಿಸಿದೀವಿ’ ಎಂದರಂತೆ ಮೇಷ್ಟ್ರು.

ಕೂರಿಸುವುದಕ್ಕೂ ಓಡಿಸುವುದಕ್ಕೂ ಇರುವ ಈ ಅಂತರ ಮಕ್ಕಳಿಗೆ ಚೆನ್ನಾಗಿ ಗೊತ್ತು. ಹಾಕಿಯಲ್ಲಿ ಹಸಿರು ಕಾರ್ಡ್ ತೋರಿಸಿದರೆ ಆಟಗಾರ ಎರಡು ನಿಮಿಷ ಹೊರಗೆ ಕೂರಬೇಕು, ಹಳದಿಯಾದರೆ ಕನಿಷ್ಠ ಐದು ನಿಮಿಷ. ಕಬಡ್ಡಿಯಲ್ಲೂ ಹಳದಿ ಕಾರ್ಡಿಗೆ ಎರಡು ನಿಮಿಷ. ಹೊರಗೆ ಕುಳಿತವನ ಮೈಮೇಲೆ ತಂಡದ ಅಂಗಿ ಇದ್ದೇ ಇರುತ್ತದೆ. ಕಣ್ಣು ಆಟದ ಮೇಲೇ ಇರುತ್ತದೆ. ತರಗತಿಯಲ್ಲಿ ಗಲಾಟೆ ಮಾಡಿದವರ ಹೆಸರನ್ನು ಮಾನಿಟರ್ ಬೋರ್ಡಿನ ಮೇಲೆ ಬರೆಯುತ್ತಾನಲ್ಲ, ಅದೂ ಸಂಜೆಯವರೆಗೆ ಮಾತ್ರ. ನಾಳೆ ಬೋರ್ಡ್ ಸ್ವಚ್ಛ.

ದೊಡ್ಡವರ ಸಭೆಗಳಲ್ಲೂ ಇದೇ ರೀತಿ. ನಮ್ಮ ಲೋಕಸಭೆಯ ನಡಾವಳಿ ನಿಯಮ 373ರ ಪ್ರಕಾರ, ಅತಿಯಾಗಿ ಗದ್ದಲ ಮಾಡಿದ ಸದಸ್ಯರನ್ನು ಸ್ಪೀಕರ್ ಆ ದಿನದ ಮಟ್ಟಿಗೆ ಹೊರಗೆ ಕಳಿಸಬಹುದು. 2001ರಲ್ಲಿ ಸೇರಿಸಿದ ನಿಯಮ 374ಎ ಇನ್ನೂ ಬಿಗಿಯಾದದ್ದು: ಸ್ಪೀಕರ್ ಪೀಠದ ಮುಂದೆ ಬಂದು ಗಲಾಟೆ ಮಾಡಿದ ಸದಸ್ಯರನ್ನು ಸ್ಪೀಕರ್ ಹೆಸರಿಸಿದರೆ ಐದು ದಿನದ ಕಲಾಪ ಅಥವಾ ಅಧಿವೇಶನದ ಉಳಿದ ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಾಲ ಅಮಾನತು. ಬೇಕೆಂದರೆ ಸದನವೇ ಅದನ್ನು ಮೊದಲೇ ಹಿಂತೆಗೆದುಕೊಳ್ಳಬಹುದು. ಹೊರಗೆ ಹೋದವರು ಆ ಕಾಲದಲ್ಲೂ ಜನರು ಆರಿಸಿದ ಸದಸ್ಯರೇ.

ಕೆಲವರು ಕೇಳಬಹುದು: ಫೋನಿನ ಮಾತಿಗೆ ಇಷ್ಟೆಲ್ಲ ಯಾಕೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದರು ಹಿರಿಯರು. ಜಗಲಿಯ ಮೇಲೆ ಆಡಿದ ಮಾತು ಜಗಲಿ ಇಳಿಯುವಷ್ಟರಲ್ಲಿ ಆರುತ್ತಿತ್ತು. ಫೋನಿನ ಮಾತು ಆರುವುದಿಲ್ಲ, ಒಂದು ಗಳಿಗೆಯಲ್ಲಿ ಪಕ್ಕದ ಊರಿಗೆ ಹಾರುತ್ತದೆ. 2018ರ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದನ್ನು ದೊಡ್ಡವರು ಮರೆತಿರಲಾರರು. ಹೊರಗಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರು ಎಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುಂದಿನ ಊರಿನಲ್ಲಿ ಜನ ಕಾದು ನಿಂತು ಹೊಡೆದರು. ಒಬ್ಬ ಯುವಕನ ಜೀವ ಹೋಯಿತು. ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದಿತು. ಅದೂ ಒಂದು ಬಗೆಯ ಬ್ರೇಕ್. ಇಂಥ ಹೊತ್ತಿನಲ್ಲಿ ಗ್ರೂಪನ್ನು ಹತ್ತು ನಿಮಿಷ ಮುಚ್ಚಿ, ‘ಮೊದಲು ವಿಚಾರಿಸೋಣ’ ಎನ್ನುವ ಒಬ್ಬರು ಎಲ್ಲ ಗ್ರೂಪಿನಲ್ಲೂ ಇರಬೇಕು ಎಂದು ನನಗೆ ಅನಿಸುತ್ತದೆ.

ಹಾಗೆಯೇ ಬ್ರೇಕ್ ಹಿಡಿದವರ ಕೈಯನ್ನೂ ನೋಡುತ್ತಿರಬೇಕು. ತನಗೆ ಆಗದವರನ್ನು, ಪಂಚಾಯಿತಿಯ ರಸ್ತೆ ಯಾಕೆ ಆಗಿಲ್ಲ ಎಂದು ಕೇಳಿದವರನ್ನು, ಎದುರು ಮಾತಾಡಿದವರನ್ನು ಸುಮ್ಮನಿರಿಸಲು ಅಡ್ಮಿನ್ ಹೊರಟರೆ ಅದು ಪಾಳೆಯಗಾರಿಕೆ. ಹಿಂದಿನ ಕಾಲದಲ್ಲಿ ಊರಿನವರು ಒಂದು ಮನೆಗೆ ಬಹಿಷ್ಕಾರ ಹಾಕಿ, ಬೆಂಕಿ, ನೀರು ಕೊಡದೆ, ಮಾತಾಡಿಸದೆ ಗೋಳು ಹೊಯ್ದುಕೊಳ್ಳುತ್ತಿದ್ದರಲ್ಲ, ಅದರ ನೆರಳು ಈ ಚಿಕ್ಕ ಗುಂಡಿಯ ಮೇಲೂ ಬೀಳಬಾರದು. ಗಲಾಟೆ ಬೇರೆ, ಭಿನ್ನಾಭಿಪ್ರಾಯ ಬೇರೆ. ಬೇರೆಯವರಿಗೆ ಮಾತಾಡಲು ಎಡೆ ಕೊಡದಿರುವುದು ಗಲಾಟೆ. ತನ್ನ ಸರದಿಯಲ್ಲಿ ಒಪ್ಪದ ಮಾತು ಹೇಳುವುದು ಅವರ ಹಕ್ಕು.

ನಮ್ಮಲ್ಲಿ ಈಗ ಎರಡು ಗ್ರೂಪ್ ಇವೆ. ಒಂದು ಎಚ್ಚರಿಕೆಗೆ. ಅದರಲ್ಲಿ ಒಂದೊಂದು ಕೇರಿಗೆ ಒಬ್ಬರಂತೆ ಅಡ್ಮಿನ್‌ಗಳು, ಅವರು ಮಾತ್ರ ಬರೆಯುತ್ತಾರೆ. ಆನೆ ಕಂಡವರು ಅವರಿಗೆ ಫೋನ್ ಮಾಡಿದರೆ ಆಯಿತು. ಅದನ್ನು ಯಾರೂ ಮ್ಯೂಟ್ ಮಾಡಬಾರದು ಎಂದು ಮೊಮ್ಮಗಳು ಮನೆಮನೆಗೆ ಹೋಗಿ ಫೋನ್ ನೋಡಿ ಬಂದಿದ್ದಾಳೆ. ಇನ್ನೊಂದು ಹರಟೆಗೆ. ಅಲ್ಲಿ ಹೂವು, ಕ್ರಿಕೆಟ್, ಅಡಿಕೆ ಧಾರಣೆ, ಮದುವೆ ಫೋಟೋ ಎಲ್ಲವೂ ನಡೆಯುತ್ತದೆ. ಅಲ್ಲಿ ಯಾರನ್ನು ಎರಡು ದಿನ ಕೂರಿಸಿದರೂ ಎಚ್ಚರಿಕೆಯ ಸುದ್ದಿ ಅವರಿಗೆ ತಪ್ಪುವುದಿಲ್ಲ.

ಆ ಗ್ರೂಪಿನ ಮೇಲ್ಭಾಗದಲ್ಲಿ ಮೇಷ್ಟ್ರು ಬರೆಸಿದ ಐದು ಸಾಲುಗಳಿವೆ. ನಿಮ್ಮ ಮನೆಯ, ಶಾಲೆಯ, ಊರಿನ ಗ್ರೂಪಿಗೂ ಬೇಕಾದೀತು:

ಮೊದಲು ಫೋನ್ ಮಾಡಿ, ಎಲ್ಲರೆದುರು ಬೈಯಬೇಡಿ.
ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿ.
ಯಾವಾಗ ಮುಗಿಯುತ್ತದೆ ಎಂದು ದಿನ, ಗಂಟೆ ಹೇಳಿ.
ನಮ್ಮವರಿಗೊಂದು, ಅವರಿಗೊಂದು ನಿಯಮ ಬೇಡ.
ಸುಮ್ಮನಿದ್ದವರು ವಾಪಸ್ ಬಂದ ದಿನ ಹಳೆಯದನ್ನು ಎತ್ತಬೇಡಿ.

ಐದರಲ್ಲಿ ಕಷ್ಟದ್ದು ಕೊನೆಯದೇ. ಆ ಇಬ್ಬರು ಹುಡುಗರಲ್ಲಿ ಅಂಗಡಿಯವರ ತಮ್ಮನ ಮಗ ಶನಿವಾರ ವಾಪಸ್ ಬಂದ. ಈಗ ಜಗಳ ಜಾಸ್ತಿಯಾದರೆ ತಾನೇ ‘ನಾಳೆ ಮಾತಾಡೋಣ’ ಎಂದು ಬರೆದು ಸುಮ್ಮನಾಗುತ್ತಾನೆ. ಇನ್ನೊಬ್ಬನನ್ನು ಸೇರಿಸಿದ ಐದೇ ನಿಮಿಷದಲ್ಲಿ ಅವನೇ ಹೊರಗೆ ಹೋದ. ಅವಮಾನವಾಯಿತು ಎಂದು ಅವನ ಅಮ್ಮ ಹೇಳಿದರು. ಎಚ್ಚರಿಕೆಯ ಗ್ರೂಪಿನಲ್ಲಿ ಇದ್ದಾನೆ, ಅಷ್ಟು ಸಮಾಧಾನ. ಹರಟೆಯ ಗ್ರೂಪಿನಲ್ಲಿ ಮಾತ್ರ ಕ್ರಿಕೆಟ್ ವಿಷಯ ಬಂದಾಗೆಲ್ಲ ಅವನು ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯಾರಾದರೂ ಕೇಳುತ್ತಾರೆ. ಕಳೆದ ವಾರ ಅವನಿಗೆ ಮೊದಲು ಫೋನ್ ಮಾಡಿದ್ದು ಜಗಳವಾಡಿದ ಆ ಇನ್ನೊಬ್ಬ ಹುಡುಗನೇ. ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಆದರೆ ಒಂದು ಗಂಟೆ ಮಾತಾಡಿದರಂತೆ.